ಅವ್ವನ ಹೆಸರು ಡಾಟ್ ಕಾಮ್

ಹೋದ ತಿಂಗಳು ಮೊಣಕಾಲು ತೋರಿಸಿಕೊಳ್ಳಲು ಸೇಡಂ ರಸ್ತೆಯ ಒಂದು ಆಸ್ಪತ್ರೆಗೆ ಹೋಗಿದ್ದೆ. ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಹೆಣ್ಣುಮಗಳು ಬುತ್ತಿ ಬಿಚ್ಚಿದಳು. ಸಜ್ಜೆ ರೊಟ್ಟಿ, ಅದರ ಮೇಲೆ ಶೇಂಗಾ ಹಿಂಡಿ. ಹುರಿದ ಶೇಂಗಾ, ಬೆಳ್ಳುಳ್ಳಿ, ಒಣ ಮೆಣಸಿನಕಾಯಿ ಮೂರೂ ಒರಳಿನಲ್ಲಿ ಕುಟ್ಟಿಸಿಕೊಂಡು ಎಣ್ಣೆ ಬಿಟ್ಟಾಗ ಬರುವ ಆ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗಾದರೆ ಇಂಥ ವಾಸನೆಗೆ ಅವ್ವನ ನೆನಪಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ನನಗೆ ನೆನಪಾದದ್ದು ಸಾವಕಾರ. ಹಳೆಯ ಸಿಟ್ಟು ಎದ್ದು ಕೂತಿತು. ಇಷ್ಟು ವರ್ಷವಾದರೂ ಅದು ಹಳಸಿಲ್ಲವಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು.

ಕಲಬುರಗಿ ಇನ್ನೂ ಗುಲಬರ್ಗಾ ಆಗಿದ್ದಾಗಿನ, ಊರಿಗೆ ಇಂಟರ್ನೆಟ್ ಹೊಸದಾಗಿ ಕಾಲಿಟ್ಟಿದ್ದಾಗಿನ ಒಂದು ಚಳಿಗಾಲದ ಮಾತಿದು. ದೀಪಾವಳಿ ಮುಗಿದು, ತೊಗರಿ ಹೂ ಉದುರಿಸಿ ಕಾಯಿ ಕಟ್ಟುವ ಹೊತ್ತಿಗೆ ಜಗಳ ಶುರುವಾಯಿತು. ಸಂಕ್ರಾಂತಿಗೆ ಮುಗಿಯಿತು. ಆ ನಡುವಿನ ದಿನಗಳಲ್ಲಿ ನಾನು ಸರಿಯಾಗಿ ಉಂಡದ್ದು, ಸರಿಯಾಗಿ ಮಲಗಿದ್ದು ನೆನಪಿಲ್ಲ. ಒಬ್ಬ ಮನುಷ್ಯನಿಗೆ ಬುದ್ಧಿ ಕಲಿಸಬೇಕು ಎಂಬುದೊಂದೇ ನನಗಿದ್ದ ಕೆಲಸ.

ಅವ್ವನ ಹೆಸರು ಸೂಗಮ್ಮ. ಕಮಲಾಪುರದಲ್ಲಿ ನಮ್ಮದು ಸಣ್ಣ ಹೊಲ. ಅಪ್ಪ ತೊಗರಿ, ಜೋಳ ಬೆಳೆಯುತ್ತಿದ್ದ. ಸಾವಕಾರ ಗುಲಬರ್ಗಾದ ಶಹಾಬಜಾರದಲ್ಲಿ ಕಿರಾಣಿ ಅಂಗಡಿ ಇಟ್ಟವನು, ತೊಗರಿ ಕೊಳ್ಳಲು ನಮ್ಮ ಹೊಲಕ್ಕೆ ಬರುತ್ತಿದ್ದ. ನಾನು ಇನ್ನೂ ಶಾಲೆಯಲ್ಲಿದ್ದಾಗ ಒಂದು ಎಳ್ಳಮಾಸಿ ಹಬ್ಬಕ್ಕೆ ಬಂದವನು ಅವ್ವನ ಹಿಂಡಿ ಉಂಡು, ಎರಡು ಸಲ ಕೇಳಿ ಹಾಕಿಸಿಕೊಂಡು, "ಸೂಗಮ್ಮ, ಇದನ್ನ ನನ್ನ ಅಂಗಡ್ಯಾಗ ಇಟ್ಟು ನೋಡಲೇನು?" ಎಂದ. ಅವ್ವ ಕುಟ್ಟಿ ಕೊಟ್ಟಳು. ಎರಡು ದಿನದಲ್ಲಿ ಖರ್ಚಾಯಿತು. ಗಿರಾಕಿಗಳು ಯಾರ ಕೈಯದು ಎಂದು ಕೇಳುತ್ತಿದ್ದರಂತೆ. ಅದಕ್ಕೆ ಸಾವಕಾರ ಒಂದು ರಬ್ಬರ್ ಠಸ್ಸೆ ಮಾಡಿಸಿ ಪಾಕೀಟಿನ ಮೇಲೆ "ಕಮಲಾಪುರದ ಸೂಗಮ್ಮನ ಹಿಂಡಿ" ಎಂದು ಒತ್ತತೊಡಗಿದ.

ಹನ್ನೆರಡು ವರ್ಷ ಹಾಗೇ ನಡೆಯಿತು. ಓಣಿಯ ಮೂರ್ನಾಲ್ಕು ಹೆಣ್ಣುಮಕ್ಕಳು ಅವ್ವನ ಜತೆ ಸೇರಿದರು. ನಮ್ಮ ಪಡಸಾಲೆಯಲ್ಲಿ ಬೆಳಗಾದರೆ ಒನಕೆಯ ಸಪ್ಪಳ. ಕುಟ್ಟುವವರ ಕಣ್ಣು ಖಾರಕ್ಕೆ ಕೆಂಪಾಗಿರುತ್ತಿತ್ತು. ಅವ್ವ ಮಿಕ್ಸರ್ ಹತ್ತಿರ ಸುಳಿಯಲು ಬಿಡುತ್ತಿರಲಿಲ್ಲ. ಮಿಕ್ಸರಿನಲ್ಲಿ ಹಾಕಿದರೆ ಪುಡಿಯಾಗುತ್ತದೆ, ಹಿಂಡಿಯಾಗುವುದಿಲ್ಲ ಎನ್ನುತ್ತಿದ್ದಳು. ಹೈದರಾಬಾದಿಗೆ, ಸೊಲ್ಲಾಪುರಕ್ಕೆ ಹೋಗುವ ಮಂದಿ ಆ ಪಾಕೀಟು ಒಯ್ಯುತ್ತಿದ್ದರು. ಅವ್ವನಿಗೆ ಓದು ಬರುತ್ತಿರಲಿಲ್ಲ. ಆದರೂ ಪಾಕೀಟಿನ ಮೇಲೆ ತನ್ನ ಹೆಸರು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಬೆರಳಿಟ್ಟು ತೋರಿಸುತ್ತಿದ್ದಳು.

ಆಮೇಲೆ ಸಾವಕಾರ ಶರಣಸಿರಸಗಿ ಕಡೆ ಒಂದು ತಗಡಿನ ಶೆಡ್ ಹಾಕಿದ, ಬೀಸುವ ಯಂತ್ರ ತಂದ. ಒಂದು ತಿಂಗಳು ಮಾಲು ಒಯ್ಯಲು ಅವನ ಜೀಪು ಬರಲಿಲ್ಲ. ಎರಡನೇ ತಿಂಗಳೂ ಬರಲಿಲ್ಲ. ಅವ್ವ ಬಸ್ಸು ಹತ್ತಿ ಶಹಾಬಜಾರಕ್ಕೆ ಹೋದಳು. ಅಂಗಡಿಯಲ್ಲಿ ಹೊಳೆಯುವ ಹೊಸ ಪಾಕೀಟುಗಳಿದ್ದವು. ಅದರ ಮೇಲೆ ಮೂಗುತಿ ಹಾಕಿದ ಒಬ್ಬ ಹೆಂಗಸಿನ ಚಿತ್ರ, ಕೆಳಗೆ ಅವ್ವನದೇ ಹೆಸರು. ಒಳಗಿನದು ಮಾತ್ರ ಯಂತ್ರದ ಪುಡಿ. ಅವ್ವ ಕೇಳಿದ್ದಕ್ಕೆ ಸಾವಕಾರ ತಲೆ ಎತ್ತದೆ ಹೇಳಿದನಂತೆ: "ಹೆಸರು ಬೆಳಿಸಿದಾಂವ ನಾನು, ಸೂಗಮ್ಮ. ನೀವು ಶೇಂಗಾ ಕುಟ್ಟೀರಿ, ಅಷ್ಟ. ಅದಕ್ಕ ಕೂಲಿ ಕೊಟ್ಟೀನಲ್ಲ."

ಇಷ್ಟಕ್ಕೇ ಬಿಟ್ಟಿದ್ದರೆ ನಾವು ಶಾಪ ಹಾಕಿ ಸುಮ್ಮನಾಗುತ್ತಿದ್ದೆವೇನೋ. ಅವನು ಬಿಡಲಿಲ್ಲ. ಅವ್ವ ಕಮಲಾಪುರದ ಸಂತೆಯಲ್ಲಿ ಒಂದು ಬಟ್ಟೆಯ ಮೇಲೆ ತನ್ನ ಹೆಸರು ಬರೆಸಿ ಕಟ್ಟಿ ಹಿಂಡಿ ಮಾರಲು ಕೂತಳು. ಆ ದೀಪಾವಳಿ ಮುಗಿದ ವಾರ ವಕೀಲರ ನೋಟೀಸು ಬಂತು. ಆ ಹೆಸರು ಸಾವಕಾರನ ಮಾಲಿನದು, ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಲಾಗಿದೆ, ಸೂಗಮ್ಮ ಎಂಬುವವರು ಸೂಗಮ್ಮ ಎಂಬ ಹೆಸರಿನಲ್ಲಿ ಹಿಂಡಿ ಮಾರಕೂಡದು. ನಾನು ಓದಿ ಹೇಳಿದೆ. ಮರುದಿನ ಅವ್ವ ಆ ಬಟ್ಟೆಯನ್ನು ಬಿಚ್ಚಿ, ಹೆಸರು ಒಳಗಾಗುವಂತೆ ಮಡಚಿ, ಒರಳಿನ ಮೇಲೆ ಮುಚ್ಚಿದಳು. ಸಂತೆಯಲ್ಲಿ ಹೆಸರಿಲ್ಲದೆ ಕೂತಳು.

ಅವ್ವನ ಆ ಮೌನ ನನ್ನನ್ನು ಸುಟ್ಟಿತು. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ನಾನು ಆಗ ಗುಲಬರ್ಗಾದಲ್ಲಿ ಚಿಗವ್ವನ ಮನೆಯಲ್ಲಿದ್ದು, ಸೇಡಂ ರಸ್ತೆಯ ಒಂದು ಇಂಟರ್ನೆಟ್ ಸೆಂಟರ್ ನಡೆಸುತ್ತಿದ್ದೆ. ಮೂರು ಕಂಪ್ಯೂಟರ್, ಒಂದು ಟೆಲಿಫೋನ್ ಲೈನು. ಲೈನು ಸಿಕ್ಕಾಗ ಕೀಚು ಕೀಚು ಎಂದು ಸದ್ದು ಮಾಡುವ ಡಬ್ಬಿ. ಬರುವವರೆಲ್ಲ ಪರೀಕ್ಷೆಯ ಫಲಿತಾಂಶ ನೋಡುವವರು, ದುಬೈಗೆ ಹೋದ ಅಣ್ಣನಿಗೆ ಮೇಲ್ ಮಾಡಿಸುವವರು. ಅಲ್ಲಿ ಕೂತು ಸಾವಕಾರನ ಮುಖ ನೆನೆಸಿಕೊಂಡು ಹಲ್ಲು ಕಡಿಯುವುದು ಬಿಟ್ಟರೆ ನನ್ನ ಕೈಯಲ್ಲಿ ಏನೂ ಇರಲಿಲ್ಲ.

ದೇವರು ಎಂಬುವವನು ಇದ್ದರೆ ಅವನೂ ಸೇಡಿನವನೇ ಇರಬೇಕು. ಒಂದು ಮಧ್ಯಾಹ್ನ ಇಸ್ತ್ರಿ ಅಂಗಿಯ ಗಂಡಸೊಬ್ಬ ಬಂದ.

"ಮೇಡಮ್, ನಮ್ಮ ಮಾವನ ಧಂಧೆಗೊಂದು ವೆಬ್‌ಸೈಟ್ ಮಾಡಿಸಬೇಕಾಗ್ಯಾದ. ಪರದೇಶದಾಗಿನ ನಮ್ಮ ಮಂದಿಗೆ ಮಾಲು ಕಳಿಸೋದದ. ಮೊದಲು ಹೆಸರು ಸಿಗತಾವೇನು ನೋಡ್ರಿ," ಎಂದು ಎರಡು ಹೆಸರು ಹೇಳಿದ.

ಒಂದು, ಅವ್ವನ ಹೆಸರಿನ ಹಿಂಡಿ. ಇನ್ನೊಂದು, ಸಾವಕಾರನ ಅಂಗಡಿಯ ಹೆಸರು. ಇವನು ಸಾವಕಾರನ ಅಳಿಯ. ನಾನು ಯಾರೆಂದು ಅವನಿಗೆ ಗೊತ್ತಿಲ್ಲ. ಟೈಪು ಮಾಡಿ ನೋಡಿದೆ. ಎರಡೂ ಹೆಸರು ಯಾರದೂ ಆಗಿರಲಿಲ್ಲ, ಬೇಕಾದವರು ಎತ್ತಿಕೊಳ್ಳಬಹುದಿತ್ತು.

"ಇವತ್ತ ಲೈನ್ ಭಾಳ ಸ್ಲೋ ಅದ ರೀ. ನಾಳಿಗಿ ಬರ್ರಿ," ಎಂದೆ.

ಅವನು ಮೆಟ್ಟಿಲು ಇಳಿಯುವುದರೊಳಗೆ ಹೈದರಾಬಾದಿನ ಏಜೆಂಟನಿಗೆ ಫೋನು ಹಚ್ಚಿದೆ. ಡಾಟ್ ಕಾಮ್ ಹೆಸರು ಮಾಡಿಸಿಕೊಡುವುದೇ ಅವನ ವ್ಯಾಪಾರ. ಎರಡು ಹೆಸರನ್ನೂ ನನ್ನ ಹೆಸರಿಗೆ ಮಾಡಿಸಿದೆ. ಆಮೇಲೆ ಯೋಚಿಸಿ, ಮಂದಿ ಅವಸರದಲ್ಲಿ ಸಾವಕಾರನ ಅಂಗಡಿಯ ಹೆಸರನ್ನು ಹೇಗೆಲ್ಲ ತಪ್ಪಾಗಿ ಹೊಡೆಯಬಹುದೋ ಅಂಥ ಇನ್ನೂ ಒಂದೆರಡನ್ನು ಸೇರಿಸಿದೆ. ಜಗತ್ತಿನಲ್ಲಿ ಸೇಡು ಇಷ್ಟು ಅಗ್ಗವಾಗಿ ಸಿಗುತ್ತದೆ ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಮರುದಿನ ಅಳಿಯ ಬಂದ. "ಎರಡೂ ಹೋಗ್ಯಾವ ರೀ," ಎಂದೆ.

"ಹಂಗಂದ್ರ? ಯಾರ ತಗೊಂಡಾರ?"

"ನಾನ ತಗೊಂಡೀನಿ. ನಿಮ್ಮ ಪಾಕೀಟಿನ ಮ್ಯಾಲಿರೋ ಸೂಗಮ್ಮನ ಮಗಳು ನಾನು."

ಅವನ ಮುಖ ನೋಡಬೇಕಿತ್ತು. ಚಪ್ಪಲಿ ಮೆಟ್ಟಿಕೊಂಡು ಹೋದ. ಆ ರಾತ್ರಿ ನಾನು ಚಿಗವ್ವನ ಮನೆಯಲ್ಲಿ ಎರಡು ರೊಟ್ಟಿ ಹೆಚ್ಚು ಉಂಡೆ.

ಅಳಿಯ ಬೆಂಗಳೂರಿನಲ್ಲಿ ಯಾರನ್ನೋ ಹಿಡಿದು, ಅಂಗಡಿಯ ಹೆಸರಿನ ಹಿಂದೆ ಆನ್‌ಲೈನ್ ಎಂಬ ಬಾಲ ಹಚ್ಚಿ ಒಂದು ಹೆಸರು ಮಾಡಿಸಿದ. ಅದನ್ನೇ ಪಾಕೀಟಿನ ಮೇಲೆ ಅಚ್ಚು ಹಾಕಿಸಿದ. ಮಂದಿ ಬಾಲ ಬರೆಯುತ್ತಾರೆಯೇ? ಅಂಗಡಿಯ ಹೆಸರಷ್ಟೇ ಹೊಡೆಯುತ್ತಿದ್ದರು, ನೇರ ನನ್ನ ಮನೆಗೆ ಬಂದು ಬೀಳುತ್ತಿದ್ದರು. ಎಲ್ಲ ಹೆಸರುಗಳನ್ನೂ ನಾನು ಒಂದೇ ಪುಟಕ್ಕೆ ಜೋಡಿಸಿದ್ದೆ. ಹೊಲದ ಬದುವಿನ ಮೇಲೆ ನಿಂತ ಅವ್ವನ ಫೋಟೋ, ಕಮಲಾಪುರದ ವಿಳಾಸ, ಕೆಳಗೆ ಇಂಗ್ಲಿಷಿನಲ್ಲಿ "ಸಾವಕಾರ ಕಳ್ಳ" ಎಂದು ದೊಡ್ಡ ಅಕ್ಷರಗಳು. ಸಾವಕಾರನಿಗೆ ಹೋಗಬೇಕಾದ ಮೇಲ್‌ಗಳೂ ನನಗೇ ಬರುತ್ತಿದ್ದವು. ಇಷ್ಟು ಪೆಟ್ಟಿಗೆ ಮಾಲು ಬೇಕು, ಯಾವಾಗ ಕಳಿಸುತ್ತೀರಿ ಎಂದು ಕೇಳುವ ಮೇಲ್‌ಗಳು. ನಾನು ಓದುತ್ತಿದ್ದೆ, ಉತ್ತರ ಬರೆಯುತ್ತಿರಲಿಲ್ಲ. ಅಲ್ಲಿ ಅವನು ಯಾಕೆ ಆರ್ಡರ್ ಬರುತ್ತಿಲ್ಲ ಎಂದು ದಾರಿ ಕಾಯುತ್ತಿರಬೇಕು ಎಂದುಕೊಂಡು ಚಹಾ ಕುಡಿಯುತ್ತಿದ್ದೆ.

ಅಳಿಯ ಮತ್ತೆ ಬಂದ. ಈ ಸಲ ಸಿಹಿ ಮಾತು. "ಅಕ್ಕಾ, ನೀವು ಒಂದು ಮಾತು ಹೇಳ್ರಿ, ಕೊಟ್ಟು ಬಿಡ್ತೀವಿ. ಹೆಸರು ನಮಗ ಬಿಡ್ರಿ."

"ಮಾರಾಕ ತಗೊಂಡಿಲ್ಲ," ಎಂದೆ.

"ಮತ್ತ ಯಾಕ ತಗೊಂಡೀರಿ?"

"ನಿಮಗ ಸಿಗಬಾರದು ಅಂತ."

ವಾರದೊಳಗೆ ನನ್ನ ಹೆಸರಿಗೂ ನೋಟೀಸು ಬಂತು. ಅವ್ವನಿಗೆ ಒಂದು, ನನಗೆ ಒಂದು. ಎರಡನ್ನೂ ಹಿಡಿದು ಗೋವಿಂದರಾವ್ ವಕೀಲರ ಮನೆಗೆ ಹೋದೆ. ಹಳೆಯ ಕಾಲದ ಮನೆ, ಅಂಗಳದಲ್ಲಿ ತುಳಸಿಕಟ್ಟೆ, ಒಳಗೆ ಹೆಂಡತಿಯ ಜತೆ ಮರಾಠಿ, ನಮ್ಮ ಜತೆ ಕನ್ನಡ. ಹಣೆಯ ಮೇಲಿನ ಅಕ್ಷತೆ ಅಂಗಾರ ಒರೆಸಿಕೊಳ್ಳದೆಯೇ ಕೋರ್ಟಿಗೆ ಹೋಗುವ ಮನುಷ್ಯ. ನಾನು ಹೇಳಿದ್ದನ್ನೆಲ್ಲ ಕೇಳಿ, ಒಳಗೆ "ಚಹಾ ದೇ ಗ" ಎಂದು ಕೂಗಿ, ಕನ್ನಡಕ ತೆಗೆದರು.

"ನೋಡು ತಂಗಿ, ಅರ್ಜಿ ಹಾಕಿದ ಕೂಡಲೆ ಹೆಸರು ಅವನದಾಗಂಗಿಲ್ಲ. ಮಾಲಿನ ಮ್ಯಾಲ ಆ ಹೆಸರು ಮೊದಲು ಯಾರ ಕೈಯಿಂದ ಬಂತು, ಮಂದಿ ಆ ಹೆಸರು ಕೇಳಿದ್ರ ಯಾರ ಕೈ ನೆನಸ್ತಾರ, ಕೋರ್ಟ್ ಅದನ್ನ ನೋಡ್ತದ. ನಿಮ್ಮವ್ವನ ಹೆಸರು ನೀ ತಗೊಂಡೀದಿ, ಛಲೋ ಆತು. ಆದ್ರ ಅವನ ಅಂಗಡಿ ಹೆಸರು ಯಾಕ ತಗೊಂಡಿ?"

ಅಳಿಯನಿಗೆ ಹೇಳಿದ್ದನ್ನೇ ಹೇಳಿದೆ.

"ಈ ಮಾತು ಇಲ್ಲೇ ಬಿಟ್ಟು ಹೋಗು. ಜಡ್ಜ್ ಮುಂದ ಹೇಳಬ್ಯಾಡ," ಎಂದರು. "ಅವರ ವಕೀಲ ಏನಂತಾನ ಗೊತ್ತದ? ನಮ್ಮ ಅಂಗಡಿಗೆ ಬರೋ ಗಿರಾಕಿಗೆ ದಾರಿ ತಪ್ಪಿಸಿ ಈಕಿ ತನ್ನ ಕಡೆ ಎಳಕೊಳ್ಳಾಕತ್ತಾಳ ಅಂತಾನ. ಅದು ಖರೇನೂ ಅದ. ಆ ಹೆಸರುಗಳೂ ಹೋಗ್ತಾವ, ಮ್ಯಾಲ ದಂಡ ಬೀಳ್ತದ. ಅಷ್ಟಕ್ಕ ಮುಗಿಯಂಗಿಲ್ಲ. ಹೆಸರು ಕದಿಯೋದ ಈ ಮನಿಯವರ ಚಾಳಿ ಅಂದು, ಅವ್ವನ ಹೆಸರನ್ನೂ ಅದ ರಾಶಿಗೆ ಸೇರಿಸಿಬಿಡ್ತಾನ. ಅವನಿಗೆ ಬಂದ ಮೇಲ್‌ಗೆ ಉತ್ತರ ಕೊಟ್ಟೀದೇನು?"

"ಇಲ್ರಿ. ಓದೀನಿ ಅಷ್ಟ."

"ಓದೋದೂ ತಪ್ಪ. ಉತ್ತರ ಕೊಡಲಿಲ್ಲ ಅನ್ನೋದೊಂದು ನಿನ್ನ ಪುಣ್ಯ. ಇವತ್ತ ಹೋಗಿ ಆ ಬೈಗುಳ ತಗದು ಹಾಕು. ಅಂಗಡಿ ಹೆಸರು ಅವನಿಗೆ ಬಿಟ್ಟುಕೊಡು. ಕೈ ತೊಳಕೊಂಡು ಬಾ, ಆಮ್ಯಾಲ ನಾ ನಿಲ್ತೀನಿ."

"ಸಾಕ್ಷಿ ಏನು ಬೇಕಾಗ್ತದ ರೀ?"

"ಹನ್ನೆರಡು ವರ್ಷ ಅವ್ವನ ಮಾಲು ಅವ್ವನ ಹೆಸರಿನಾಗ ಹೋಗ್ಯಾದ ಅಂತ ಹೇಳೋರು ಬೇಕು. ಬರೆ ನಿಮ್ಮ ಓಣಿಯವರು ಸಾಲಂಗಿಲ್ಲ."

ಅಲ್ಲೇ ನಾವು ಸಿಕ್ಕಿಕೊಂಡೆವು. ಎಲ್ಲ ಬಾಯಿಮಾತಿನ ವ್ಯವಹಾರ. ಶಹಾಬಜಾರದಲ್ಲಿ ಅವ್ವನನ್ನು ಬಲ್ಲ ಅಂಗಡಿಕಾರರ ಹತ್ತಿರ ಒಬ್ಬೊಬ್ಬರಾಗಿ ಹೋದೆ. "ಖರೇ ಅದ ಅವ್ವಾ, ಆದ್ರ ನಾವು ದಿನಾ ಸಾವಕಾರ್ರ ಮುಖ ನೋಡಬೇಕಲ್ಲ," ಎಂದರು ಎಲ್ಲರೂ. ಚಹಾ ಕುಡಿಸಿದರು, ಅವ್ವನ ಆರೋಗ್ಯ ಕೇಳಿದರು, ಸಾಕ್ಷಿ ಹೇಳುತ್ತೇನೆ ಎಂದು ಒಬ್ಬರೂ ಅನ್ನಲಿಲ್ಲ. ಸಿಟ್ಟಿನಲ್ಲಿ ಸೆಂಟರಿಗೆ ಬಂದು ಬೈಗುಳವನ್ನೇನೋ ಅಳಿಸಿದೆ. ಪುಟದಲ್ಲಿ ಅವ್ವ, ಹೊಲ, ವಿಳಾಸ ಮಾತ್ರ ಉಳಿದವು. ಅಂಗಡಿಯ ಹೆಸರು ಬಿಟ್ಟುಕೊಡಲು ಕೈ ಬರಲಿಲ್ಲ. ಎಳ್ಳಮಾಸಿ ಮುಗಿಯಲಿ, ಆಮೇಲೆ ನೋಡೋಣ ಎಂದು ಮುಂದೂಡಿದೆ.

ಎಳ್ಳಮಾಸಿ ಎಂದರೆ ಎಳ್ಳು ಅಮಾವಾಸ್ಯೆ, ನಮ್ಮ ಕಡೆ ಹೊಲದ ಹಬ್ಬ. ಊರಿಗೆ ಊರೇ ಖಾಲಿಯಾಗಿ ಹೊಲಕ್ಕೆ ಹೋಗುತ್ತದೆ. ಜೋಳದ ದಂಟಿನ ಗುಡಿಸಲ ಕೆಳಗೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿ, ಎಡೆಯ ಅಡುಗೆಯನ್ನು ಪೈರಿಗೆ ಚರಗವೆಂದು ಚೆಲ್ಲಿ, ಆಮೇಲೆ ಊಟ. ಸೊಪ್ಪು, ಹಸಿ ಕಾಳು ಎಲ್ಲ ಹಾಕಿ ಕುದಿಸಿದ ಭಜ್ಜಿ, ಸಜ್ಜೆ ಕಡುಬು, ಅಂಬಲಿ, ಶೇಂಗಾ ಹೋಳಿಗೆ. ಅವತ್ತು ಹೊಲಕ್ಕೆ ಬಂದವರನ್ನು ಉಣ್ಣಿಸದೆ ಕಳಿಸುವ ಹಾಗಿಲ್ಲ. ದಾರಿಹೋಕನಾದರೂ ಸರಿ, ವೈರಿಯಾದರೂ ಸರಿ. ಹಾಗೆಯೇ ಪಾಂಡವರ ಮುಂದೆ ಎಲೆಗೆ ಕೂತವನು ಬಡಿಸಿದ್ದನ್ನು ಎಲೆಯಲ್ಲಿ ಬಿಡುವ ಹಾಗಿಲ್ಲ, ಉಣ್ಣುವ ಬಾಯಲ್ಲಿ ಸುಳ್ಳು ಹೇಳುವ ಹಾಗೂ ಇಲ್ಲ. ಹೇಳಿದರೆ ಆ ವರ್ಷ ಬೆಳೆಯ ರಾಶಿ ಕೈಗೆ ಹತ್ತುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ.

ಆ ವರ್ಷವೂ ಅಪ್ಪ ಚರಗ ಚೆಲ್ಲಿ ಬಂದಿದ್ದ. ಅಕ್ಕಪಕ್ಕದ ಹೊಲದವರು ಸೇರಿದ್ದರು. ಹುಮನಾಬಾದ ರಸ್ತೆಯಿಂದ ಒಂದು ಜೀಪು ತಿರುಗಿ ನಮ್ಮ ಬದುವಿಗೆ ಬಂದು ನಿಂತಿತು. ಇಳಿದವನು ಸಾವಕಾರ. ಬಿಳಿ ಧೋತರ, ಹೆಗಲ ಮೇಲೆ ಶಲ್ಯ. ಅವನ ಹಿಂದೆ ಅಳಿಯ, ಮತ್ತೆ ಗಡ್ಡ ನೆರೆತ ಒಬ್ಬ ಸಾಹೇಬರು.

ನಾನು ಎದ್ದು ನಿಂತೆ. ಅವ್ವ ನನ್ನ ಸೆರಗು ಹಿಡಿದು ಜಗ್ಗಿದಳು. "ಕೂಡು. ಇವತ್ತ ಯಾರಿಗೂ ಹೋಗು ಅನಬಾರದು."

"ಅವ್ವಾ, ಅಂವ ಯಾಕ ಬಂದಾನ?"

"ಉಣ್ಣಾಕ ಬಂದಾನ. ಉಂಡು ಹೋಗಲಿ."

ಸಾಹೇಬರು ಯಾರೆಂದು ಅವರ ಮಾತಿನಿಂದಲೇ ತಿಳಿಯಿತು. ಹೈದರಾಬಾದಿನ ದೊಡ್ಡ ವ್ಯಾಪಾರಿ, ಕೊಲ್ಲಿ ದೇಶಗಳಿಗೆ ಮಾಲು ಕಳಿಸುವವರು. ಸಾವಕಾರನ ಅಂಗಡಿಯ ಹೆಸರನ್ನು ಬಾಲವಿಲ್ಲದೆ ಕಂಪ್ಯೂಟರಿಗೆ ಹೊಡೆದಿದ್ದರು. ನನ್ನ ಪುಟ ತೆರೆದಿತ್ತು. ಬೈಗುಳ ಅಳಿಸಿದ್ದೆನಲ್ಲ, ಅದನ್ನು ಸಾವಕಾರನ ಪುಟವೆಂದೇ ತಿಳಿದಿದ್ದರು. ಈ ಅಮ್ಮನನ್ನು, ಈ ಹೊಲವನ್ನು ನೋಡಿಯೇ ಮಾಲಿನ ಮಾತು ಎಂದು ಹಟ ಹಿಡಿದಿದ್ದರು. ಸಾವಕಾರ ಪೇಚಿಗೆ ಬಿದ್ದ. ಜಗಳವಿದೆ ಎಂದರೆ ವ್ಯಾಪಾರ ಹೋಗುತ್ತದೆ. ಅದಕ್ಕೆ ಎಳ್ಳಮಾಸಿಯ ದಿನವನ್ನೇ ಆರಿಸಿಕೊಂಡ. ಅವತ್ತು ನಾವು ಹೊರಗೆ ಹಾಕುವಂತಿಲ್ಲ, ಅತಿಥಿಯ ಮುಂದೆ ಸೂಗಮ್ಮ ಬಾಯಿ ಬಿಡುವವಳಲ್ಲ, ಉಂಡು ಕೈ ತೊಳೆದು ಎದ್ದುಬಿಡಬಹುದು ಎಂದು ಲೆಕ್ಕ ಹಾಕಿದ್ದ. ಹನ್ನೆರಡು ವರ್ಷ ಅವಳನ್ನು ನೋಡಿದ್ದವನು, ಲೆಕ್ಕ ಸರಿಯೆಂದೇ ನನಗೂ ಅನಿಸಿತು.

ಎಲ್ಲರೂ ಎಲೆಗೆ ಕೂತರು. ಅವ್ವ ಬಡಿಸುತ್ತ ಬಂದಳು. ಸಾಹೇಬರು ಅವಳನ್ನು ನೋಡಿ ನಕ್ಕು, "ಅಮ್ಮಾ, ಆಪೀಚ್ ಕಂಪ್ಯೂಟರ್ ಮೇ ಹೈ ನಾ? ಕಂಪ್ಯೂಟರಿನಾಗ ಇರೋದು ನೀವ ಅಲ್ಲ?" ಎಂದರು. ಅವ್ವನಿಗೆ ಕಂಪ್ಯೂಟರ್ ಎಂದರೆ ಏನೆಂದು ಗೊತ್ತಿರಲಿಲ್ಲ, ನಕ್ಕಳು. ಸಾಹೇಬರು ಕಡುಬಿಗೆ ಹಿಂಡಿ ಹಚ್ಚಿ ಬಾಯಿಗಿಟ್ಟರು. ಅಗಿಯುವುದನ್ನು ನಿಲ್ಲಿಸಿ ಸಾವಕಾರನ ಕಡೆ ನೋಡಿದರು.

"ಸೇಠ್, ಯೇ ಅಸ್ಲಿ ಮಾಲ್ ಹೈ. ಪಾಕೀಟ್ ಮೇ ಯೇ ಮಜಾ ನೈ. ಪಾಕೀಟಿನ ರುಚಿ, ಇದರ ರುಚಿ ಎರಡೂ ಬ್ಯಾರೆ ಬ್ಯಾರೆ ಅದಾವಲ್ಲ?"

"ಅದು ಹಳೇ ಸ್ಟಾಕ್ ಇತ್ತು," ಎಂದ ಸಾವಕಾರ. ಅವನು ಇನ್ನೂ ತುತ್ತು ಬಾಯಿಗಿಟ್ಟಿರಲಿಲ್ಲ.

ಅವ್ವ ಭಜ್ಜಿಯ ಪಾತ್ರೆ ಕೆಳಗಿಟ್ಟಳು. ನಿತ್ಯ ಮಾತಾಡುವ ದನಿಯಲ್ಲೇ, ಉಪ್ಪು ಬೇಕೇನು ಎಂದು ಕೇಳುವ ಹಾಗೆ ಹೇಳಿದಳು: "ಪಾಕೀಟಿನಾಗಿಂದು ನಂದಲ್ಲ ರೀ ಸಾಹೇಬ್ರ. ಸಾವಕಾರ್ರು ನನ್ನ ಕಡಿಂದ ಹಿಂಡಿ ಒಯ್ಯೋದು ಬಿಟ್ಟಾರ. ನನ್ನ ಹೆಸರು ಅಷ್ಟ ಒಯ್ದಾರ."

ಸಾವಕಾರ ನಗಲು ನೋಡಿದ. ಪಕ್ಕದ ಹೊಲದ ಸಿದ್ರಾಮಪ್ಪ ಮುತ್ಯಾ ಆ ಸಾಲಿನಲ್ಲೇ ಹಿರಿಯ. ಅವನ ಮಾತು ಮೀರುವವರು ನಮ್ಮ ಕಡೆ ಇರಲಿಲ್ಲ.

"ಹೌದೇನ್ರೀ ಸಾವಕಾರ್ರ?" ಎಂದು ಮುತ್ಯಾ ಕೇಳಿದ. "ಪಾಂಡವರ ಮುಂದ ಕೂತೀರಿ, ತುತ್ತು ಕೈಯಾಗದ. ಹನ್ನೆರಡು ವರ್ಷ ಈ ಮನಿ ಹಿಂಡಿ ಮಾರೀರೋ ಇಲ್ಲೋ? ಹೆಸರು ಈಕಿದೋ ಅಲ್ಲೋ?"

ಕೋರ್ಟಿನಲ್ಲಾಗಿದ್ದರೆ ಸಾವಕಾರ ನೂರು ಸುಳ್ಳು ಹೇಳುತ್ತಿದ್ದ, ಅವನಿಗೆ ರೆಪ್ಪೆಯೂ ಬಡಿಯುತ್ತಿರಲಿಲ್ಲ. ಆದರೆ ಅವನು ತೊಗರಿಯ ಮನುಷ್ಯ. ನಮ್ಮ ಹೊಲದಲ್ಲಿ ಉಂಡ ವರ್ಷದಿಂದಲೇ ತನ್ನ ಧಂಧೆ ಎದ್ದಿತು ಎಂದು ತಾನೇ ಊರೆಲ್ಲ ಹೇಳಿಕೊಂಡು ತಿರುಗಿದವನು. ಆ ಸುಗ್ಗಿಗೆ ಸಾಲ ತಂದು ತೊಗರಿಯ ಮೇಲೆ ಸುರಿದಿದ್ದ. ಐದು ಬಿಳಿ ಕಲ್ಲುಗಳ ಕಡೆ ಒಮ್ಮೆ ನೋಡಿದ.

"ಹೌದು," ಎಂದ. "ಹೆಸರು ಈಕಿದ. ಮಾಲೂ ಈಕಿದ ಇತ್ತು."

"ಉಣ್ರಿ ಸಾವಕಾರ್ರ," ಎಂದಳು ಅವ್ವ. ಅವನ ಎಲೆಗೆ ಒಂದು ಮುಷ್ಟಿ ಹಿಂಡಿ ಹಾಕಿದಳು. ಅವನು ಉಂಡ. ಮತ್ತೊಂದು ಮುಷ್ಟಿ ಹಾಕಿದಳು. ಬಿಡುವ ಹಾಗಿಲ್ಲವಲ್ಲ, ಅದನ್ನೂ ಉಂಡ. ಖಾರಕ್ಕೆ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತಿತ್ತು. ಅವ್ವ ಮೂರನೆಯ ಸಲ ಕೈ ಹಾಕಿದಾಗ ನಾನು ಅವಳ ಮುಖ ನೋಡಿದೆ. ಅವಳಿಗೂ ನನ್ನಷ್ಟೇ ಸಿಟ್ಟಿತ್ತು. ಇಷ್ಟು ದಿನ ಅದನ್ನು ನಾನೊಬ್ಬಳೇ ಹೊತ್ತಿದ್ದೇನೆ ಎಂದು ತಿಳಿದಿದ್ದೆ.

ಸಾಹೇಬರು ಜೀಪು ಹತ್ತಲಿಲ್ಲ. ನಮ್ಮ ಚಕ್ಕಡಿಯಲ್ಲಿ ಕಮಲಾಪುರದ ಬಸ್ ಸ್ಟ್ಯಾಂಡಿಗೆ ಬಂದರು. ಗೋವಿಂದರಾವ್ ವಕೀಲರ ಮನೆಗೆ ಬಂದು, ತಾವು ಸಾವಕಾರನ ಪುಟವೆಂದು ತಿಳಿದು ನನ್ನ ಪುಟಕ್ಕೆ ಬಂದದ್ದು, ಹೊಲದಲ್ಲಿ ಕೇಳಿದ್ದು ಎಲ್ಲವನ್ನೂ ಬರೆಸಿ ಸಹಿ ಹಾಕಿದರು. ಮುತ್ಯಾನೂ ಬಂದು ಹೆಬ್ಬೆಟ್ಟು ಒತ್ತಿದ. ಅದರ ಪ್ರತಿ ಸಾವಕಾರನ ಕೈಗೆ ಸೇರಿದ ಮೇಲೆ ಅವನ ವಕೀಲರೇ ರಾಜಿಗೆ ಹೇಳಿ ಕಳಿಸಿದರು. ಅವನು ಅರ್ಜಿ ವಾಪಸು ತೆಗೆದುಕೊಳ್ಳಬೇಕು, ಅವ್ವನ ಹೆಸರನ್ನು ಎಲ್ಲಿಯೂ ಹಚ್ಚಕೂಡದು. ನಾವು ಅವನ ಅಂಗಡಿಯ ಹೆಸರನ್ನೂ ಅದಕ್ಕೆ ಹೋಲುವ ಹೆಸರುಗಳನ್ನೂ ಬಿಟ್ಟುಕೊಡಬೇಕು.

"ಇನ್ನೊಂದು ಬರೀರಿ," ಎಂದೆ ನಾನು. "ಯುಗಾದಿ ತನಕ ಅಂವ ಅಂಗಡಿ ಮುಂದ ಒಂದು ಬೋರ್ಡ್ ಹಾಕಬೇಕು. ಸೂಗಮ್ಮನ ಹಿಂಡಿ ಇಲ್ಲಿ ಸಿಗುವುದಿಲ್ಲ ಅಂತ. ಯಾರ ಕೇಳಿದ್ರೂ ಬಾಯಿಲೆ ಹೇಳಬೇಕು."

"ಇದು ಯಾವ ಕಾನೂನಿನಾಗ ಅದ ತಂಗಿ?" ಎಂದು ವಕೀಲರು ನಕ್ಕರು.

"ನನ್ನ ಕಾನೂನಿನಾಗ."

ಅವರು ಕನ್ನಡಕ ಒರೆಸಿ ಹಾಕಿಕೊಂಡರು. "ಗಿರಾಕಿಗಳಿಗೆ ಗೊಂದಲ ಆಗಬಾರದು ಅನ್ನೋ ಕಾರಣಕ್ಕ ಅಂತ ಬರೀತೀನಿ. ಹಂಗ ಬರದ್ರ ಕಾನೂನಾಗ್ತದ," ಎಂದರು.

ಸಾವಕಾರ ಅದೊಂದಕ್ಕೇ ಬಹಳ ಹೊತ್ತು ಒದ್ದಾಡಿದನಂತೆ, ಆದರೆ ಸಹಿ ಹಾಕಿದ. ನಾನು ಸೆಂಟರಿಗೆ ಹೋಗಿ ಅವನ ಹೆಸರುಗಳನ್ನು ಅಳಿಯನಿಗೆ ದಾಟಿಸಿದೆ. ನ್ಯಾಯವಾಗಿ ಅವು ಅವನವೇ ಎಂದು ವಕೀಲರು ಹೇಳಿದ್ದು ನನಗೆ ತಿಳಿಯುತ್ತಿತ್ತು, ಹೊಟ್ಟೆ ಮಾತ್ರ ಉರಿಯಿತು. ಅವ್ವನ ಹೆಸರು ನಮ್ಮಲ್ಲೇ ಉಳಿಯಿತು. ಸಂತೆಯಲ್ಲಿ ಅವ್ವ ಮತ್ತೆ ಹೆಸರು ಕಟ್ಟಿಕೊಂಡು ಕೂತಳು. ಸಾಹೇಬರ ಮೊದಲ ಆರ್ಡರಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ಒನಕೆ ಹಿಡಿದರು. ಅವ್ವನಿಗೆ ಅಷ್ಟು ಸಾಕಾಯಿತು. "ಬಂತಲ್ಲ, ಇನ್ನ ಅವನ ಸುದ್ದಿ ಬಿಡು," ಎಂದಳು.

ನನಗೆ ಸಾಕಾಗಿರಲಿಲ್ಲ. ಸಂಕ್ರಾಂತಿಯ ಹಿಂದಿನ ದಿನ ಶಹಾಬಜಾರದಲ್ಲಿ ಎಳ್ಳು, ಬೆಲ್ಲ, ಕಬ್ಬಿಗೆ ಮಂದಿ ನೆರೆದಿತ್ತು. ಸಾವಕಾರನ ಅಂಗಡಿಯ ಮುಂದೆ ಬೋರ್ಡು ನೇತಾಡುತ್ತಿತ್ತು. ಅಕ್ಷರ ಬೇಕೆಂದೇ ಸಣ್ಣದಾಗಿ ಬರೆಸಿದ್ದ. ನಾನು ಗಿರಾಕಿಗಳ ನಡುವೆ ನುಗ್ಗಿ ಗಲ್ಲಾಪೆಟ್ಟಿಗೆಯ ಮುಂದೆ ನಿಂತೆ. ಅವನು ತಲೆ ಎತ್ತಿ ನನ್ನನ್ನು ನೋಡಿದ, ಮತ್ತೆ ತಕ್ಕಡಿಯ ಕಡೆ ನೋಡಿದ.

"ಸಾವಕಾರ್ರ, ಸೂಗಮ್ಮನ ಹಿಂಡಿ ಅದ ಏನ್ರೀ?"

"ಇಲ್ಲ," ಎಂದ.

"ಮತ್ತ ಎಲ್ಲಿ ಸಿಗತದ ರೀ?"

"ಕಮಲಾಪುರದಾಗ. ಸೂಗಮ್ಮನ ಮನ್ಯಾಗ," ಎಂದು ಗಂಟಲೊಳಗೇ ಹೇಳಿದ.

"ಗದ್ದಲದಾಗ ಕೇಳಿಸಲಿಲ್ಲ ರೀ. ಜೋರಾಗಿ ಹೇಳ್ರಿ."

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಜೋರಾಗಿ ಹೇಳಿದ.

"ಇನ್ನೊಮ್ಮೆ," ಎಂದೆ.

ಸಾವಕಾರ ಇನ್ನೊಮ್ಮೆ ಹೇಳಿದ.